ಅಪ್ಪನಿಗೆ ನೂರಾರು ಪಾಲಿಪ್, ಮಕ್ಕಳಿಗೂ ಪರೀಕ್ಷೆ ಬೇಕಾ?

ಪ್ರಶ್ನೆ: ಅಪ್ಪನಿಗೆ 44ಕ್ಕೇ ದೊಡ್ಡ ಕರುಳಿನ ಕ್ಯಾನ್ಸರ್. ಕರುಳಲ್ಲಿ ನೂರಾರು ಪಾಲಿಪ್ (ಒಳಗೋಡೆಯಲ್ಲಿ ಏಳುವ ಸಣ್ಣ ಗಂಟುಗಳು) ಇವೆ, ವಂಶದಲ್ಲಿ ಬಂದಿರಬಹುದು ಅಂದಿದ್ದಾರೆ. ನನಗೆ 23, ತಮ್ಮನಿಗೆ 15. ಇಬ್ಬರಿಗೂ ಏನೂ ತೊಂದರೆ ಇಲ್ಲ. ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ 1: ಬೇಕು. ತೊಂದರೆ ಕಾಣಿಸಲಿ ಅಂತ ಕಾಯಬೇಡಿ. ನಮ್ಮಮ್ಮನಿಗೂ ಹೀಗೇ ಆಗಿತ್ತು. ಈ ವಂಶದ ಕಾಯಿಲೆಗೆ ಎಫ್‌ಎಪಿ ಅನ್ನುತ್ತಾರೆ, ಎಪಿಸಿ ಅನ್ನುವ ಜೀನ್‌ನ ದೋಷ. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೆ ಸಾಕು, ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ.

ಮೊದಲು ಅಪ್ಪನ ರಕ್ತವನ್ನು ಜೀನ್ ಪರೀಕ್ಷೆಗೆ ಕೊಡಿಸಿ. ನಾವು ಎಡವಿದ್ದೇ ಇಲ್ಲಿ. ಗಾಬರಿಯಲ್ಲಿ ನಾನೇ ಮೊದಲು ಜೀನ್ ಪರೀಕ್ಷೆ ಮಾಡಿಸಿಕೊಂಡೆ. ಏನೂ ಸಿಗಲಿಲ್ಲ. ಆದರೆ ಅಮ್ಮನದು ಯಾವ ದೋಷ ಅಂತಲೇ ಗೊತ್ತಿಲ್ಲದಾಗ ಆ ವರದಿಯನ್ನು ನಂಬುವುದು ಹೇಗೆ? ಅಮ್ಮನದು ಸಿಕ್ಕಮೇಲೆ ನನಗೂ ತಂಗಿಗೂ ಅದೊಂದನ್ನೇ ಹುಡುಕಿದರು. ನನಗಿಲ್ಲ, ಅವಳಿಗಿದೆ. ಆ ದಿನ ನನಗೆ ಸಮಾಧಾನಪಡಲೂ ಮನಸ್ಸಾಗಲಿಲ್ಲ.

ಅವಳಿಗೆ ಆಗ 17. ಒಂದು ದಿನ ಹೊಟ್ಟೆನೋವು ಅಂದವಳಲ್ಲ. ಕೊಲೊನೋಸ್ಕೋಪಿ (ಕ್ಯಾಮೆರಾ ನಳಿಕೆ ಹಾಕಿ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ) ಚಿತ್ರದಲ್ಲಿ ನೋಡಿದರೆ, ನುಣುಪಾದ ಗುಲಾಬಿ ಗೋಡೆಯ ತುಂಬ ಬೆವರುಸಾಲೆ ಎದ್ದ ಹಾಗೆ ಪುಟ್ಟ ಪುಟ್ಟ ಗುಳ್ಳೆ. ಎಫ್‌ಎಪಿ ಇರುವ ಮನೆಯ ಮಕ್ಕಳಿಗೆ 10–12 ವರ್ಷಕ್ಕೇ ನೋಡಲು ಶುರು ಮಾಡುತ್ತಾರೆ. ನಿಮ್ಮ ತಮ್ಮನಿಗೆ ಇದು ಬೇಗ ಅಲ್ಲವೇ ಅಲ್ಲ. ದೋಷ ಇದ್ದವರನ್ನು ಸುಮ್ನೆ ಬಿಟ್ಟರೆ ಹೆಚ್ಚುಕಡಿಮೆ ಎಲ್ಲರಿಗೂ ಕ್ಯಾನ್ಸರ್ ಆಗುತ್ತದೆ, ಅದೂ 40ರ ಆಸುಪಾಸಿನಲ್ಲಿ.

ಪಾಲಿಪ್ ಜಾಸ್ತಿಯಾದಾಗ, 20ನೇ ವಯಸ್ಸಿಗೆ, ತಂಗಿಯ ದೊಡ್ಡ ಕರುಳು ತೆಗೆದರು. ಸಣ್ಣ ಕರುಳನ್ನು ಗುದನಾಳಕ್ಕೆ ಜೋಡಿಸಿದ್ದಾರೆ, ಮಲಕ್ಕೆ ಅಂತ ಹೊರಗೆ ಚೀಲ ಇಲ್ಲ. ದಿನಕ್ಕೆ ನಾಲ್ಕು ಸಲ ಶೌಚಕ್ಕೆ ಹೋಗುತ್ತಾಳೆ. ಕೆಲಸಕ್ಕೂ ಹೋಗುತ್ತಾಳೆ. ಉಳಿದ ಗುದನಾಳವನ್ನೂ, ಜಠರದಿಂದ ಮುಂದೆ ಸಣ್ಣ ಕರುಳು ಶುರುವಾಗುವ ಡುಯೋಡಿನಮ್ ಭಾಗವನ್ನೂ ಆಗಾಗ ನೋಡಿಸುತ್ತಲೇ ಇರಬೇಕು. ಅಲ್ಲೂ ಪಾಲಿಪ್ ಬರುತ್ತವೆ.

ಇನ್ನೊಂದು, ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿ. ಅಜ್ಜಿ ಮೂಲವ್ಯಾಧಿಯಿಂದ ಹೋದರು ಅಂತಲೇ ನಾವು ಅಂದುಕೊಂಡಿದ್ದೆವು. ಅವರಿಗೆ 45 ಕೂಡ ಆಗಿರಲಿಲ್ಲ, ವರ್ಷಗಟ್ಟಲೆ ರಕ್ತ ಹೋಗುತ್ತಿತ್ತು ಅಂತ ಚಿಕ್ಕಮ್ಮ ಹೇಳಿದಾಗ ಎದೆ ಧಸಕ್ ಅಂತು. ಆಮೇಲೆ ಚಿಕ್ಕಮ್ಮನೂ ಅವರ ಮಕ್ಕಳೂ ಪರೀಕ್ಷೆ ಮಾಡಿಸಿಕೊಂಡರು.

ಉತ್ತರ 2: ಮೇಲಿನವರು ಹೇಳಿದ್ದೆಲ್ಲ ಸರಿ. ನಮ್ಮ ಮನೆಯಲ್ಲಿ ಮಾತ್ರ ಎಪಿಸಿ ಅಲ್ಲ, ಮ್ಯೂಟಿವೈಹೆಚ್ ಅನ್ನುವ ಬೇರೆ ಜೀನ್. ಅಪ್ಪ ಅಮ್ಮ ಇಬ್ಬರೂ ಆರೋಗ್ಯವಾಗಿದ್ದಾರೆ, ಅಣ್ಣನಿಗೆ 60 ಪಾಲಿಪ್! ಇದರಲ್ಲಿ ಇಬ್ಬರಿಂದಲೂ ದೋಷ ಬಂದರೆ ಮಾತ್ರ ಕಾಯಿಲೆ. ಒಡಹುಟ್ಟಿದವರಿಗೆ ನಾಲ್ಕರಲ್ಲೊಂದು ಸಾಧ್ಯತೆ. ಅಪ್ಪನ ರಕ್ತ ಕೊಡುವಾಗ ಇದನ್ನೂ ನೋಡುತ್ತಾರಾ ಅಂತ ಕೇಳಿಬಿಡಿ.