ಕರೆಂಟ್ ಬಂದ ಮೇಲೆ ಎರಡು ಪೆಟ್ಟಿಗೆಯೂ ಒಂದೇ ಐಪಿ ಹಿಡಿದು ಕೂರುತ್ತವೆ, ಎಂತ ಮಾಡುವುದು?

ಮಂಡಿ ಲೆಕ್ಕದವ, ತೀರ್ಥಹಳ್ಳಿ:
ನಮ್ಮದು ಅಡಿಕೆ ಮಂಡಿ. ಬಿಲ್ಲಿಂಗಿಗೆ ಎರಡು ಹಳೇ ಡೆಬಿಯನ್ (ಲಿನಕ್ಸ್) ಕಂಪ್ಯೂಟರ್ ಪೆಟ್ಟಿಗೆ. ನೆಟ್‌ವರ್ಕ್ ವಿಳಾಸ (ಐಪಿ) ಒಂದಕ್ಕೆ 192.168.1.11, ಇನ್ನೊಂದಕ್ಕೆ ಕೊನೆಯಲ್ಲಿ 12. ಐದು ಕೌಂಟರ್, ತೂಕದ ಯಂತ್ರದ ಡಬ್ಬಿ ಎಲ್ಲಾ ನೋಡುವುದು ಮಾತ್ರ 10ನ್ನು. ಅದು ವರ್ಚುವಲ್ ಐಪಿ, ಅಂದರೆ ಕೆಲಸದಲ್ಲಿರುವ ಪೆಟ್ಟಿಗೆ ಹಿಡಿಯುವ ವಿಳಾಸ. ಒಂದನೇ ಪೆಟ್ಟಿಗೆಯ ಇಂಟರ್‌ಫೇಸ್ ಫೈಲಿನಲ್ಲೇ (ಏಳುವಾಗ ಓದುವ ನೆಟ್‌ವರ್ಕ್ ಸೆಟ್ಟಿಂಗ್) ಬರೆದಿಟ್ಟಿದ್ದೇನೆ. ಅದು ಮಲಗಿದರೆ ಎರಡನೆಯದರಲ್ಲಿ ಕೈಯಾರೆ ‘ಐಪಿ ಅಡ್ರೆಸ್ ಆಡ್’ ಕಮಾಂಡ್ ಹೊಡೆಯುವುದು.

ಮೊನ್ನೆ ಆರಿದ್ರಾ ಮಳೆಗೆ ಕರೆಂಟ್ ಹೋಯ್ತು, ಒಂದನೆಯದರ ಯುಪಿಎಸ್ ಬ್ಯಾಟರಿಯೂ ಸತ್ತಿತ್ತು. ಎರಡನೆಯದಕ್ಕೆ 10 ಸೇರಿಸಿ, ವಿಳಾಸ ತೋರಿಸುವ ಹಳೇ ಕಮಾಂಡ್ ಇಫ್‌ಕಾನ್ಫಿಗ್ ಕೊಟ್ಟು ನೋಡಿದರೆ ಅದು ಕಾಣುವುದೇ ಇಲ್ಲ. ಮತ್ತೆ ಸೇರಿಸಿದರೆ ‘ಫೈಲ್ ಎಕ್ಸಿಸ್ಟ್ಸ್’ ಅನ್ನುತ್ತದೆ! ಕೌಂಟರುಗಳು ಒಂದು ನಿಮಿಷದಲ್ಲಿ ತಾವೇ ಸರಿಹೋದವು, ತೂಕದ ಡಬ್ಬಿ ಮಾತ್ರ ಕಾಲು ಗಂಟೆ ಸತ್ತ ಹಾಗೆ ಇತ್ತು.

ಅಸಲಿ ತಾಪತ್ರಯ ಆಮೇಲಿನದು. ಕರೆಂಟ್ ಬಂತು, ಒಂದನೆಯದು ತಾನೇ ಎದ್ದು 10 ಹಿಡಿಯಿತು. ಎರಡನೆಯದೂ ಬಿಟ್ಟಿಲ್ಲ. ರಾಶಿ ಅಡಿಕೆ ತಂದವರೊಬ್ಬರ ಏಳು ಚೀಲದಲ್ಲಿ ನಾಲ್ಕು ಇದರಲ್ಲಿ, ಮೂರು ಅದರಲ್ಲಿ. ಚೀಟಿ ನೋಡಿ ‘ಉಳಿದದ್ದು ಇಲಿ ತಿಂತಾ?’ ಅಂದರು. ಉತ್ತರ ಹೇಳುವ ಬಾಯಿ ನನ್ನದು.

ಕೇಬಲ್ ಎಳೆಯುವವ, ಸಾಗರ:
ಇಫ್‌ಕಾನ್ಫಿಗ್ ನಂಬಬೇಡಿ ಮಾರಾಯ್ರೆ. ಲೇಬಲ್ ಕೊಡದೆ ಸೇರಿಸಿದ ಎರಡನೇ ವಿಳಾಸ ಅದಕ್ಕೆ ಕಾಣುವುದಿಲ್ಲ. ‘ಐಪಿ ಅಡ್ರೆಸ್ ಶೋ’ ಕೊಟ್ಟರೆ 12ರ ಕೆಳಗೆ 10 ‘ಸೆಕೆಂಡರಿ’ ಅಂತ ಕೂತಿರುತ್ತದೆ. ಹುಷಾರು, 12ನ್ನು ತೆಗೆದರೆ 10 ಕೂಡ ಜೊತೆಗೇ ಹೋಗಬಹುದು. ‘ಪ್ರಮೋಟ್ ಸೆಕೆಂಡರೀಸ್’ ಅನ್ನುವ ಕರ್ನಲ್ ಸೆಟ್ಟಿಂಗ್ 1 ಮಾಡಿದ್ದರೆ ಮಾತ್ರ ಉಳಿಯುತ್ತದೆ.

ತೂಕದ ಡಬ್ಬಿ ತನ್ನ ಎಆರ್‌ಪಿ ಪಟ್ಟಿಯಲ್ಲಿ (ಯಾವ ಐಪಿ ಯಾವ ಯಂತ್ರದ್ದು ಅನ್ನುವ ಪಟ್ಟಿ) ಹಳೇ ಪೆಟ್ಟಿಗೆಯ ಮ್ಯಾಕ್ ವಿಳಾಸವನ್ನೇ (ನೆಟ್‌ವರ್ಕ್ ಕಾರ್ಡಿನ ಸ್ವಂತ ನಂಬರ್) ಇಟ್ಟುಕೊಂಡಿತ್ತು. ಐಪಿ ಸೇರಿಸಿದ ಕೂಡಲೇ ಆರ್ಪಿಂಗ್ ಕಮಾಂಡಿನಲ್ಲಿ ಕ್ಯಾಪಿಟಲ್ ಯು ಹಾಕಿ ಮೂರು ಸಲ ಕೂಗಿಸಿ, ‘10 ಈಗ ನಾನೇ’ ಅಂತ. ಸೇರಿಸುವ ಮೊದಲು ಕ್ಯಾಪಿಟಲ್ ಡಿ ಹಾಕಿ ಬೇರೆ ಯಾರಾದರೂ ಹಿಡಿದಿದ್ದಾರಾ ಕೇಳಿ. ಐಪಿವಿ4ರಲ್ಲಿ ಕರ್ನಲ್ ತಾನಾಗಿ ಕೇಳುವುದಿಲ್ಲ.

ಮಳೆಗಾಲದ ಅಡ್ಮಿನ್, ಹೊಸನಗರ:
ಕೈಯಲ್ಲಿ ಮಾಡುವ ಕೆಲಸ ಅಲ್ಲ ಇದು. ಮೊದಲು ಫೈಲಿನಿಂದ 10ನ್ನು ಅಳಿಸಿ. ಎರಡಕ್ಕೂ ಕೀಪ್‌ಅಲೈವ್‌ಡಿ ಹಾಕಿ, ಐಪಿಯನ್ನು ತಾನೇ ಸಾಗಿಸುವ ಪ್ರೋಗ್ರಾಂ ಅದು. 10 ಹಿಡಿದವ ಸೆಕೆಂಡಿಗೊಂದು ಸಲ 224.0.0.18ಕ್ಕೆ (ಗುಂಪಿಗೆಲ್ಲ ಕೇಳುವ ವಿಳಾಸ) ‘ಇದ್ದೇನೆ’ ಅನ್ನುತ್ತಿರುತ್ತಾನೆ. ಸುಮಾರು ಮೂರೂವರೆ ಸೆಕೆಂಡು ಸದ್ದಿಲ್ಲದಿದ್ದರೆ ಇನ್ನೊಬ್ಬ 10 ಎತ್ತಿಕೊಂಡು ಎಆರ್‌ಪಿಯನ್ನೂ ತಾನೇ ಕೂಗುತ್ತಾನೆ. ‘ನೋಪ್ರಿಎಂಪ್ಟ್’ ಹಾಕಿದರೆ ಎದ್ದು ಬಂದವ ಕಿತ್ತುಕೊಳ್ಳುವುದಿಲ್ಲ, ಆದರೆ ಎರಡರಲ್ಲೂ ಸ್ಟೇಟ್ ‘ಬ್ಯಾಕಪ್’ ಅಂತಲೇ ಇರಬೇಕು. ಫೈರ್‌ವಾಲ್‌ನಲ್ಲಿ ವಿಆರ್‌ಆರ್‌ಪಿಗೆ (ಆ ‘ಇದ್ದೇನೆ’ ಸಂದೇಶಕ್ಕೆ) ದಾರಿ ಬಿಡಿ, ಪ್ರೋಟೋಕಾಲ್ 112. ಅದು ಟಿಸಿಪಿಯೂ ಅಲ್ಲ, ಯುಡಿಪಿಯೂ ಅಲ್ಲ, ಪೋರ್ಟ್ ಹುಡುಕಬೇಡಿ.

ಘಾಟಿ ಕೆಳಗಿನವ, ಕೊಪ್ಪ:
ಎಲ್ಲ ಸರಿ, ಬಿಲ್ಲಿನ ಡೇಟಾ ಯಾರು ಸಾಗಿಸುತ್ತಾರೆ? ಐಪಿ ಓಡಿ ಬಂದರೆ ಲೆಕ್ಕದ ಪುಸ್ತಕ ಹಿಂದೆ ಓಡಿ ಬರುವುದಿಲ್ಲವಲ್ಲ. ಒಂದನೆಯದು ಎದ್ದಾಗ ಅದರಲ್ಲಿರುವುದು ಹಳೇ ಲೆಕ್ಕ. ಅಷ್ಟರಲ್ಲಿ ಎರಡನೆಯದೂ ಬಿದ್ದರೆ ಕೀಪ್‌ಅಲೈವ್‌ಡಿ ಸಂತೋಷದಿಂದ ಹಳೇ ಲೆಕ್ಕದವನ ಕೈಗೇ 10 ಕೊಡುತ್ತದೆ. ನಾನಾದರೆ ಬೂಟ್‌ನಲ್ಲಿ ಕೀಪ್‌ಅಲೈವ್‌ಡಿ ತಾನಾಗಿ ಏಳದಂತೆ ಡಿಸೇಬಲ್ ಮಾಡುತ್ತೇನೆ. ಡೇಟಾ ತಾಳೆ ನೋಡಿದ ಮೇಲೆ ಕೈಯಲ್ಲಿ ಸ್ಟಾರ್ಟ್. ಮತ್ತೆ, ಆ ಬ್ಯಾಟರಿ ಬದಲಾಯಿಸಿ ಸ್ವಾಮಿ!

ಮಂಡಿ ಲೆಕ್ಕದವ, ತೀರ್ಥಹಳ್ಳಿ:
ಭಾನುವಾರ ಮಂಡಿ ಖಾಲಿ ಇದ್ದಾಗ ಮಾಡಿದೆ. ಮೊದಲ ಸಲ ಇಬ್ಬರೂ ಮಾಸ್ಟರ್ (10 ಹಿಡಿದವ) ಆಗಿ ಕೂತರು, ಕಾರಣ ಫೈರ್‌ವಾಲೇ. 112ಕ್ಕೆ ದಾರಿ ಬಿಟ್ಟ ಮೇಲೆ ಒಂದನೆಯದರ ವೈರ್ ಕಿತ್ತೆ. ನಾಲ್ಕು ಎಣಿಸುವುದರೊಳಗೆ ಕೌಂಟರ್ ಬಂತು, ತೂಕದ ಡಬ್ಬಿಯೂ ಬಂತು. ವೈರ್ ವಾಪಸ್ ಹಾಕಿದರೆ ಒಂದನೆಯದು ಸುಮ್ಮನೆ ಕೂತಿದೆ. ಕೊಪ್ಪದವರು ಹೇಳಿದಂತೆ ಡಿಸೇಬಲ್ ಕೂಡ ಮಾಡಿದೆ. ಎರಡೂ ಒಟ್ಟಿಗೆ ಬಿದ್ದರೆ ನಾನು ಬರುವ ತನಕ 10 ಯಾರ ಹತ್ತಿರವೂ ಇರುವುದಿಲ್ಲ, ಅದು ಗೊತ್ತಿದೆ. ಎರಡು ಚೀಟಿ ಬರೆಯುವುದಕ್ಕಿಂತ ಚೀಟಿಯೇ ಇಲ್ಲದಿರುವುದು ಮೇಲು.

ಏಳು ಚೀಲದವರಿಗೆ ಕೈಬರಹದಲ್ಲೇ ಒಂದು ಚೀಟಿ ಬರೆದುಕೊಟ್ಟೆ. ಬ್ಯಾಟರಿ ಇನ್ನೂ ಬಂದಿಲ್ಲ.