ಹೈಸ್ಕೂಲಲ್ಲಿರುವಾಗಲೇ ಕಾಲೇಜು ಕೋರ್ಸ್: ಶಾಲೆ ಏನು ತಯಾರಿ ಮಾಡಿಸಬೇಕು?

ಪ್ರಶ್ನೆ: ನಮ್ಮ ಕೆಲವು ವಿದ್ಯಾರ್ಥಿಗಳು ಮುಂದಿನ ವರ್ಷವೇ ಕಾಲೇಜು ಕೋರ್ಸ್ ತಗೋಬೇಕು ಅಂತಿದ್ದಾರೆ. ಅಂಕಗಳೇನೋ ಚೆನ್ನಾಗಿವೆ. ಇನ್ನೇನು ಬೇಕು?

ಉತ್ತರ 1: ಅಂಕ ನೋಡಿ ಮೋಸಹೋಗಬೇಡಿ, ಎಡವೋದು ಸಮಯದಲ್ಲಿ. ಒಂದು ಗಂಟೆ ಪಾಠಕ್ಕೆ ಎರಡು ಗಂಟೆ ಸ್ವಂತ ಓದು ಅನ್ನೋದು ಕಾಲೇಜಿನ ರೂಢಿ. 3 ಕ್ರೆಡಿಟ್ ಕೋರ್ಸ್ (ಅಂದ್ರೆ ವಾರಕ್ಕೆ ಸುಮಾರು 3 ಗಂಟೆ ಪಾಠ) ತಗೊಂಡ್ರೆ ಓದೂ ಸೇರಿ ವಾರಕ್ಕೆ ಸುಮಾರು 9 ಗಂಟೆ. ಮೊದಲ ಸೆಮಿಸ್ಟರ್‌ಗೆ ಒಂದೇ ಕೋರ್ಸ್ ಸಾಕು. ಅದಕ್ಕೂ ಮುಂಚೆ ಒಂದು ಟರ್ಮ್ ಪೂರ್ತಿ, ಸಿಲಬಸ್ ನೋಡಿ ಗಡುವುಗಳನ್ನು ಅವರೇ ಕ್ಯಾಲೆಂಡರಿಗೆ ಹಾಕಿಕೊಳ್ಳಲಿ, ಶಿಕ್ಷಕರು ನೆನಪಿಸಬಾರದು. (ಇದೇ ಕಷ್ಟ, ನಮಗೆ ಬಾಯಿ ತಡೆಯಲ್ಲ.)

ಉತ್ತರ 2: ಪ್ರಾಧ್ಯಾಪಕರಿಗೆ ಮೇಲ್ ಬರೆಯೋದು ಕಲಿಸಿ: ಯಾವ ಕೋರ್ಸ್, ಎಲ್ಲಿ ಸಿಕ್ಕಿಕೊಂಡಿದ್ದು, ಏನೇನು ಪ್ರಯತ್ನಿಸಿದ್ದು. ‘ಅರ್ಥ ಆಗಿಲ್ಲ’ ಅಂದ್ರೆ ಉತ್ತರವೂ ಹಾಗೇ ಬರುತ್ತೆ.

ಉತ್ತರ 3: ಕೋರ್ಸ್ ಕೈಬಿಡೋ ಕೊನೇ ದಿನಾಂಕ ಗೊತ್ತಿರಲಿ. ಫೇಲಾದ್ರೆ ಆ ಗ್ರೇಡ್ ಕಾಲೇಜು ದಾಖಲೆಯಲ್ಲೇ ಉಳಿಯುತ್ತೆ. ಕ್ರೆಡಿಟ್ ಬೇರೆ ಕಾಲೇಜಲ್ಲಿ ನಡೆಯುತ್ತಾ ಅಂತ ಮೊದಲೇ ಬರವಣಿಗೆಯಲ್ಲಿ ಕೇಳಿ.