ನರ್ಸಿಂಗ್ ಕಲಿಯುವವರು ಮದ್ದು ಬರೆಯುವಷ್ಟು ತಯಾರಾಗ್ತಾರಾ?

ಪ್ರಶ್ನೆ (ಬಿಎಸ್ಸಿ ನರ್ಸಿಂಗ್ ವಿದ್ಯಾರ್ಥಿನಿ, ಬದಿಯಡ್ಕ): ಅಕ್ಕ, ನಾನು ಮಂಗ್ಳೂರಲ್ಲಿ ನಾಲ್ಕನೇ ಸೆಮಿಸ್ಟರ್. ಫಾರ್ಮಕಾಲಜಿಯ (ಮದ್ದುಗಳ ಪಾಠ) ಒಟ್ಟಿಗೆ ಪ್ರಿಸ್ಕ್ರೈಬಿಂಗ್ ಮಾಡ್ಯೂಲ್ ಅಂತ, ಮದ್ದು ಬರೆಯುದರ ಬಗ್ಗೆ 20 ಗಂಟೆಯ ಪಾಠ ಉಂಟಲ್ಲ, ಅದು ಮುಗೀತು. ಯುಕೆಯಲ್ಲಿರುವ ಚಿಕ್ಕಮ್ಮನ ಮಗಳು ಅಲ್ಲಿ ನರ್ಸೇ ಮದ್ದು ಬರೀತಾರೆ ಅಂತಾಳೆ, ನಂಗೆ ಇಲ್ಲಿ ಡಾಕ್ಟ್ರು ಬರೆದದ್ದನ್ನು ಕೊಡ್ಲಿಕ್ಕೇ ಕೈ ನಡುಗ್ತದೆ, ಪೇಶೆಂಟ್ ಇದು ಯಾವುದರ ಮಾತ್ರೆ ಅಂತ ಕೇಳಿದ್ರೆ ಸಿಸ್ಟರ್ ಹತ್ರ ಕೇಳಿ ಅಂತ ಹೇಳಿ ಬರ್ತೇನೆ. ಬರೀಲಿಕ್ಕೇ ಇಲ್ಲದ ಮೇಲೆ ಆ ಮಾಡ್ಯೂಲ್ ಎಂತಕ್ಕೆ? ಊರಿಗೆ ಬಂದ್ರೆ ನೆರೆಕರೆಯವರು ಜ್ವರಕ್ಕೆ ಯಾವ ಮದ್ದು ಅಂತ ನನ್ನತ್ರವೇ ಕೇಳುದು ಬೇರೆ.

ಉತ್ತರ (ಐಸಿಯು ನರ್ಸ್, ಕುಂಬಳೆ): ಊರಿನವರಿಗೆ ಆಂಟಿಬಯೋಟಿಕ್ ಹೆಸರು ಮಾತ್ರ ಹೇಳ್ಬೇಡ ತಂಗಿ, ಡಾಕ್ಟ್ರಿಗೆ ತೋರಿಸಿ ಅಂತ ಹೇಳು, ಸಾಕು. ಬಿಎಸ್ಸಿ ಮುಗಿಸಿ ರಿಜಿಸ್ಟ್ರೇಷನ್ ಆಯ್ತು ಅಂತ ನಮ್ಮಲ್ಲಿ ಮದ್ದಿನ ಚೀಟಿ ಬರೀಲಿಕ್ಕೆ ಆಗುದಿಲ್ಲ. ಯುಕೆಯಲ್ಲೂ ಕಾಲೇಜಿಂದ ಬಂದ ಕೂಡ್ಲೆ ಬರೆಯುದಿಲ್ಲ, 2018ರಲ್ಲಿ ಅಲ್ಲಿನ ನರ್ಸಿಂಗ್ ಕೌನ್ಸಿಲ್ ನಿಯಮ ಬದಲಿಸಿದ್ದು ಹೌದು, ಓದುವಾಗಲೇ ಅದಕ್ಕೆ ತಯಾರು ಮಾಡ್ತಾರೆ, ಆದ್ರೆ ರಿಜಿಸ್ಟರ್ ಆಗಿ ಕಮ್ಮಿಯಲ್ಲಿ ಒಂದು ವರ್ಷ ಆದ್ಮೇಲೆ ವಿ300 ಅಂತ ಬೇರೆಯೇ ಕೋರ್ಸ್ ಮಾಡಿದವರಿಗೆ ಸ್ವಂತ ಬರೆಯುವ ಅಧಿಕಾರ.

ಮಾಡ್ಯೂಲ್ ಎಂತಕ್ಕೆ ಅಂತ ಕೇಳಿದಿ ಅಲ್ವಾ, ಇನ್ಸುಲಿನ್ ತಗೋ. ಚಾರ್ಟಲ್ಲಿ 10 ಯೂನಿಟ್ ಅಂತುಂಟು. ವಯಲ್ (ಮದ್ದಿನ ಸಣ್ಣ ಬಾಟ್ಲಿ) 40ರದ್ದು, ಅಂದ್ರೆ ಒಂದು ಎಂಎಲ್‌ನಲ್ಲಿ 40 ಯೂನಿಟ್, ಟ್ರೇಯಲ್ಲಿ ಸಿಕ್ಕಿದ ಸಿರಿಂಜ್ ಕಿತ್ತಳೆ ಕ್ಯಾಪಿನದ್ದು, ಒಂದು ಎಂಎಲ್‌ಗೆ 100 ಯೂನಿಟಿನ ಇನ್ಸುಲಿನಿಗೆ ಗೆರೆ ಹಾಕಿದ್ದು. 10ರ ಗೆರೆವರೆಗೆ ಎಳೆದ್ರೆ ಪೇಶೆಂಟಿಗೆ ಹೋಗುದು 4 ಯೂನಿಟ್, ಶುಗರ್ ಇಳೀಲಿಲ್ಲ ಅಂತ ಮರುದಿನ ಡೋಸ್ ಏರಿಸ್ತಾರೆ. ಉಲ್ಟಾ ಆದ್ರೆ ಇನ್ನೂ ಕಷ್ಟ, 100ರ ವಯಲ್ ಕೆಂಪು ಕ್ಯಾಪಿನ 40ರ ಸಿರಿಂಜಲ್ಲಿ ಎಳೆದ್ರೆ 10ರ ಜಾಗಕ್ಕೆ 25 ಯೂನಿಟ್. ಬರೆದ ಡಾಕ್ಟ್ರು ಆ ಹೊತ್ತಿಗೆ ಅಲ್ಲಿರುದಿಲ್ಲ, ಬೆಡ್ಡಿನ ಹತ್ರ ಇರುದು ನೀನು! ಹಾರ್ಟಿನ ಮದ್ದು ಡಿಗಾಕ್ಸಿನ್ ಆದ್ರೂ ಹಾಗೇ, ಕೊಡುವ ಮೊದಲು ಪೂರ್ತಿ ಒಂದು ನಿಮಿಷ ಪಲ್ಸ್ ಎಣಿಸು, ದೊಡ್ಡವರಲ್ಲಿ 60ಕ್ಕಿಂತ ಕಮ್ಮಿ ಬಂದ್ರೆ ಕೊಡದೆ ಡಾಕ್ಟ್ರಿಗೆ ತಿಳಿಸುದು.

ಹಾಗಾಗಿ ಡ್ಯೂಟಿಗೆ ಹೋಗುವಾಗ ನಿಂಗೆ ಕೊಟ್ಟ ಪೇಶೆಂಟಿನ ಚಾರ್ಟ್ ತೆಗೆದು, ಇವರಿಗೆ ಈ ಮದ್ದು ಯಾಕೆ, ಈ ಡೋಸ್ ಯಾಕೆ, ಕಿಡ್ನಿ ಹೇಗುಂಟು, ಅಲರ್ಜಿ ಉಂಟಾ ಅಂತ ನೀನೇ ಬರೆಯುವವಳ ಹಾಗೆ ನೋಡು, ಗೊತ್ತಾಗದ್ದನ್ನು ರೌಂಡ್ಸಿನಲ್ಲಿ ಕೇಳು. ಆಮೇಲೆ ಪೇಶೆಂಟಿಗೆ ತುಳುವೋ ಮಲಯಾಳವೋ ಅವರ ಭಾಷೆಯಲ್ಲಿ ಹೇಳು, ನಮ್ಮ ಕಡೆಯವರಿಗೆ ಅದೊಂದು ದೊಡ್ಡ ಅನುಕೂಲ. ಧೈರ್ಯ ಹೀಗೇ ಬರುದು, ಕ್ಲಾಸಲ್ಲಿ ಕೂತು ಬರುದಿಲ್ಲ.

ಇನ್ನೊಬ್ಬರು (ಉಪ್ಪಳ): ಮೇಡಂ, ನೈಟಲ್ಲಿ ಡಾಕ್ಟ್ರು ಫೋನಲ್ಲಿ ಆರ್ಡರ್ ಕೊಟ್ರೆ ಸ್ಟೂಡೆಂಟ್ ತಗೊಳ್ಬಹುದಾ? ನಂಗೆ ಬೇಡ ಅನ್ಲಿಕ್ಕೆ ಹೆದರಿಕೆ.

ಉತ್ತರ: ಬೇಡ. 'ಸರ್, ನಾನು ಸ್ಟೂಡೆಂಟ್, ಸ್ಟಾಫಿಗೆ ಕೊಡ್ತೇನೆ' ಅಂತ ಹೇಳಿದ್ರೆ ಯಾರೂ ತಪ್ಪು ತಿಳ್ಕೊಳ್ಳುದಿಲ್ಲ. ಸ್ಟಾಫ್ ಆದ್ಮೇಲೆ ಬರೆದುಕೊಂಡು ವಾಪಸ್ ಓದಿ ಹೇಳ್ಬೇಕು, ಫಿಫ್ಟೀನ್ ಫಿಫ್ಟಿ ಒಂದೇ ಥರ ಕೇಳ್ತದೆ, 'ಒನ್ ಫೈವ್' ಅಂತ ಬಿಡಿಸಿ ಹೇಳಿ ಹೌದು ಅನ್ನಿಸಿಕೊಂಡೇ ಫೋನ್ ಇಡುದು.